ಮೂರು ನಿಮಿಷ ಮುಗಿದ ಮೇಲೆ

ಜನವರಿ ೯

ಕಾದಂಬರಿಕಾರ್ತಿಯವರಿಗೆ,

ನಮಸ್ಕಾರ ಹೇಳುವ ಮನಸ್ಸಿಲ್ಲ, ಆದರೂ ಹೇಳಿದ್ದೇನೆ ಎಂದುಕೊಳ್ಳಿ. ನಾನು ಮೂವತ್ತಾರು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿದ ಪಿ.ಟಿ. ಟೀಚರ್. ಈಗ ನಿವೃತ್ತಿಯಾಗಿದೆ. ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಕಳೆದ ತಿಂಗಳು ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದೆ. ಹೊತ್ತು ಹೋಗಲಿ ಎಂದು ಸೊಸೆ ನಿಮ್ಮ ಕಾದಂಬರಿ ಓದಿ ಹೇಳುತ್ತಿದ್ದಳು. ಮುಖಪುಟದ ಮೇಲೆ ಕುದುರೆ ಇದೆಯಲ್ಲ, ಅದು.

ರಾಜರ ಕಾಲದ ಪ್ರೇಮ ಎಂದರೆ ನನಗೆ ಅಷ್ಟಕ್ಕಷ್ಟೇ. ಅರ್ಧ ನಿದ್ದೆಯಲ್ಲಿದ್ದೆ. ನಿಮ್ಮ ಸೇನಾಪತಿ ಡೇರೆಯಲ್ಲಿ ಪಾದರಕ್ಷೆ ಬಿಚ್ಚಿ, ದೀಪ ಹಚ್ಚಲು ಬಂದ ಹೆಣ್ಣಿಗೆ ಹೇಳಿದ: "ಎಡಗಾಲಿನ ಆರನೆಯ ಬೆರಳನ್ನು ಎಣಿಸಿದವಳು ನೀನೊಬ್ಬಳೇ. ಎಣಿಸಿ ನಗದೆ ಇದ್ದವಳೂ ನೀನೊಬ್ಬಳೇ."

ಧಡಕ್ಕನೆ ಎದ್ದು ಕೂತೆ. ಕಣ್ಣಿನ ಪಟ್ಟಿ ಜಾರಿತು. "ಅಯ್ಯೋ ಅತ್ತೆ, ಏಳ್ಬೇಡಿ! ಡಾಕ್ಟರ್ ನನ್ನ ಬೈತಾರೆ!" ಎಂದು ಸೊಸೆ ಕೂಗಿಕೊಂಡಳು. ಕೆಮ್ಮು ಬಂತು ಎಂದು ಸುಳ್ಳು ಹೇಳಿದೆ.

ನಮ್ಮವರ ಎಡಗಾಲಿಗೆ ಆರು ಬೆರಳಿದ್ದವು. ಕಾಲುಚೀಲ ಹಾಕಿಕೊಂಡೇ ಮಲಗುವ ಮನುಷ್ಯ. ಅವರ ತಾಯಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಹೆತ್ತ ಮಗನಿಗೆ ಗೊತ್ತಾಗಿದ್ದೇ ಅವರು ಹೋದ ದಿನ. ಮದುವೆಯಾದ ಹೊಸದರಲ್ಲಿ ಹನ್ನೊಂದು ವರ್ಷ ಅವರು ದೂರದ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಆಗ ನೀವು ಅಲ್ಲಿದ್ದಿರಾ? ನಿಮ್ಮ ಅಲಂಕಾರದ ಭಾಷೆ ಬೇಡ. ಹೌದು ಅಥವಾ ಇಲ್ಲ, ಒಂದು ಮಾತು ಬರೆಯಿರಿ.

ಇತಿ,
ಪಿ.ಟಿ. ಟೀಚರ್

ಜನವರಿ ೨೧

ಆತ್ಮೀಯ ಓದುಗ ಸೋದರಿಗೆ,

ಪ್ರಕಾಶಕರ ಮೂಲಕ ನಿಮ್ಮ ಪತ್ರ ತಲುಪಿತು. ನನ್ನ ಇಪ್ಪತ್ತಮೂರನೆಯ ಕಾದಂಬರಿ ನಿಮ್ಮ ಮನಸ್ಸನ್ನು ಇಷ್ಟು ಆಳವಾಗಿ ತಟ್ಟಿದ್ದು ನನ್ನ ಭಾಗ್ಯ.

ನನ್ನ ಹಿನ್ನೆಲೆಯ ಬಗ್ಗೆ ಕೇಳಿದ್ದೀರಿ. ಅಜ್ಜನ ಮನೆಯಲ್ಲಿ ಗೋಡೆಯುದ್ದಕ್ಕೂ ಪುಸ್ತಕದ ಕಪಾಟುಗಳಿದ್ದವು. ರಾಜರಾಣಿಯರ ಕಥೆ ಹೇಳುತ್ತಿದ್ದ ಸೋದರತ್ತೆಯೇ ನನ್ನ ಮೊದಲ ಗುರು. ಮುಂದೆ ಹಳೆಯ ದಾಖಲೆಗಳು, ಸೈನಿಕರ ಪತ್ರಗಳು ನನ್ನ ಮೇಲೆ ಪ್ರಭಾವ ಬೀರಿದವು. ಆರನೆಯ ಬೆರಳು ಕೇವಲ ಕಲ್ಪನೆ. ಲೋಕದಲ್ಲಿ ಅಂಥ ಕಾಲು ಎಷ್ಟೋ ಜನಕ್ಕಿರುತ್ತದೆ.

ಸದ್ಯ ಇಪ್ಪತ್ತನಾಲ್ಕನೆಯ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿದ್ದೇನೆ. ನಿಮ್ಮ ಕಣ್ಣು ಬೇಗ ಗುಣವಾಗಲಿ. ಹಸ್ತಾಕ್ಷರವಿರುವ ಭಾವಚಿತ್ರವೊಂದನ್ನು ಜೊತೆಗಿರಿಸಿದ್ದೇನೆ.

ಪ್ರೀತಿಯಿಂದ,
ನಿಮ್ಮ ಕಾದಂಬರಿಕಾರ್ತಿ

ಫೆಬ್ರವರಿ ೧೨

ಕಾದಂಬರಿಕಾರ್ತಿಯವರಿಗೆ,

ಭಾವಚಿತ್ರವನ್ನು ವಾಪಸ್ ಕಳಿಸಿದ್ದೇನೆ. ನಾನು ಕೇಳಿದ್ದೇನು, ನೀವು ಬರೆದದ್ದೇನು? ತಪ್ಪು ಮಾಡಿದ ಹುಡುಗಿಯರು ಮೈದಾನದಲ್ಲಿ ಹೀಗೇ ಮಾತಾಡುತ್ತಿದ್ದರು. ಓಡಲಿಲ್ಲ ಯಾಕೆ ಎಂದರೆ ನಮ್ಮಜ್ಜಿಯ ಕಥೆ ಶುರುಮಾಡುವುದು.

ಪೊರೆ ತೆಗೆದ ಕಣ್ಣಿಗೆ ಭೂತಗನ್ನಡಿ ಹಿಡಿದುಕೊಂಡು ನಿಮ್ಮ ಹನ್ನೊಂದು ಕಾದಂಬರಿ ಓದಿದೆ. "ಅತ್ತೆಗೆ ಈ ವಯಸ್ಸಲ್ಲಿ ಪ್ರೇಮಕಥೆ ಹುಚ್ಚು ಹಿಡೀತು" ಎಂದು ಸೊಸೆ ಮಗನ ಹತ್ತಿರ ನಗುತ್ತಿದ್ದಾಳೆ. ನಗಲಿ. ಅವರಿಬ್ಬರಿಗೂ ನಾನು ಬಾಯಿ ಬಿಟ್ಟಿಲ್ಲ.

ಏಳನೆಯದರಲ್ಲಿ ಎತ್ತರ ಕಂಡರೆ ನಡುಗುವ ಕೋಟೆಯ ಕಾವಲುಗಾರ ಇದ್ದಾನೆ. ಬುರುಜು ಹತ್ತುವ ಮುಂಚೆ ಹನ್ನೊಂದರ ಮಗ್ಗಿ ಹೇಳಿಕೊಳ್ಳುತ್ತಾನೆ. ಅದೂ ಕಲ್ಪನೆಯಾ? ನಮ್ಮವರು ಕ್ರೇನಿನ ಏಣಿ ಹತ್ತುವ ಮುಂಚೆ ಹೇಳಿಕೊಳ್ಳುತ್ತಿದ್ದದ್ದು ಹನ್ನೊಂದರ ಮಗ್ಗಿ! ಹೆದರುಪುಕ್ಕಲ ಎಂದು ಕೆಲಸದಿಂದ ತೆಗೆದುಬಿಟ್ಟಾರು ಎಂದು ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದ್ದು ಕೂಡ ಒಂದೇ ಸಲ, ಜ್ವರದಲ್ಲಿ.

ಇನ್ನೊಂದು ಕಂಡೆ. ನಿಮ್ಮ ಎಲ್ಲ ಪುಸ್ತಕದಲ್ಲೂ ಗಂಡಸು ಒಬ್ಬನೇ ಮಾತಾಡುತ್ತಾನೆ. ಹೆಂಗಸರಿಗೆಲ್ಲ ಬಾಯಿಗೆ ಬೀಗ. ಒಬ್ಬಳಾದರೂ ತಿರುಗಿ ಒಂದು ಮಾತು ಹೇಳಬಾರದಾ?

ಅವರ ಜೊತೆ ನಲವತ್ತೊಂದು ವರ್ಷ ಬಾಳಿದೆ. ಒಳ್ಳೆಯ ಮನುಷ್ಯ, ಆದರೆ ಬಾಯಿ ಇಲ್ಲದ ಮನುಷ್ಯ. "ಏನೇ", "ಬಂದೆ", "ಸಾಕು", ಇಷ್ಟೇ. ಇರಲಿ, ಕೆಲವರು ಹಾಗೇ ಎಂದು ನಾನೂ ಸುಮ್ಮನಾಗಿದ್ದೆ. ಈಗ ನೋಡಿದರೆ ಆ ಮನುಷ್ಯನಿಗೆ ಬಾಯಿ ಇತ್ತು, ಅದನ್ನು ನಿಮ್ಮ ಹತ್ತಿರ ಬಿಡುತ್ತಿದ್ದರು. ಜಗಳ ಮಾಡೋಣ ಎಂದರೆ ಅವರೂ ಇಲ್ಲ. ನನ್ನ ಸಂಸಾರ ನಿಜವಾ ಸುಳ್ಳಾ, ಅದೊಂದು ಹೇಳಿಬಿಡಿ ತಾಯಿ.

ಪಿ.ಟಿ. ಟೀಚರ್

ಫೆಬ್ರವರಿ ೨೮

ಟೀಚರ್ ಅವರಿಗೆ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಹನ್ನೊಂದರ ಮಗ್ಗಿಯ ಹತ್ತಿರ ಬಂದಾಗಲೆಲ್ಲ ಪತ್ರ ಕೆಳಗಿಟ್ಟೆ. ಆ ಮಗ್ಗಿಗೆ ಒಬ್ಬ ಒಡತಿ ಇದ್ದಾಳೆ, ಅವಳು ಒಂದು ದಿನ ನನಗೇ ಪತ್ರ ಬರೆಯುತ್ತಾಳೆ ಎಂದು ಕನಸುಮನಸಿನಲ್ಲೂ ಎಣಿಸಿರಲಿಲ್ಲ.

ಇಲ್ಲ. ನಾನು ನಿಮ್ಮ ಯಜಮಾನರ ಮುಖ ಕೂಡ ನೋಡಿದವಳಲ್ಲ.

ಅಜ್ಜನ ಪುಸ್ತಕದ ಕಪಾಟು ಸುಳ್ಳು. ಅಜ್ಜ ಚಾಪೆ ಮಾರುತ್ತಿದ್ದ. ಕಥೆ ಹೇಳುವ ಸೋದರತ್ತೆಯೂ ಇರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಿಂದ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಆ ಬಂದರಿನಿಂದ ಬೇರೆ ಊರಿಗೆ ಮಾಡುವ ಟ್ರಂಕ್ ಕಾಲ್‌ಗಳು ನನ್ನ ಬೋರ್ಡಿನ ಮೂಲಕ ಹೋಗುತ್ತಿದ್ದವು. ಎದುರಿಗೆ ಮರದ ಬೋರ್ಡು, ಸಾಲುಸಾಲು ತೂತು, ಕಿವಿಗೆ ಹೆಡ್‌ಫೋನ್. ಒಂದೊಂದು ಕಾಲ್‌ಗೂ ಎರಡು ವೈರು. ಕರೆ ಮಾಡಿದವರ ಕಡೆಗೆ ಒಂದು ಪ್ಲಗ್, ಕರೆ ಹೋದವರ ಕಡೆಗೆ ಇನ್ನೊಂದು. ದುಡ್ಡು ಕಟ್ಟಿದ ಮೂರು ನಿಮಿಷ ಮುಗಿದ ಕೂಡಲೇ ಎರಡನ್ನೂ ಕೀಳಬೇಕು.

ಪ್ರತಿ ಗುರುವಾರ ಮಧ್ಯಾಹ್ನ ಮೂರೂಕಾಲಿಗೆ ಬಂದರಿನ ಅಂಚೆ ಕಚೇರಿಯ ಬೂತಿನಿಂದ ಒಬ್ಬರು ದೂರದ ಊರಿನ ಔಷಧಿ ಅಂಗಡಿಯ ನಂಬರಿಗೆ ಕಾಲ್ ಕೇಳುತ್ತಿದ್ದರು. ಅಂಗಡಿಯವರು "ಟೀಚರಮ್ಮಾ, ಫೋನು!" ಎಂದು ಮೇಲಕ್ಕೆ ಕೂಗುವುದು ನನಗೂ ಕೇಳುತ್ತಿತ್ತು. ಕದ್ದು ಕೇಳಬಾರದೆಂಬ ನಿಯಮವಿತ್ತು. ನಾನು ಕೇಳಿದೆ. ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಂದೆ ಅದಕ್ಕೆ ಕಿರೀಟ, ಕತ್ತಿ, ಕುದುರೆ ಸೇರಿಸಿದೆ. ನನ್ನ ಮೇಲೆ ಪ್ರಭಾವ ಬೀರಿದವರು ಯಾರು ಎಂದು ಸಂದರ್ಶನದಲ್ಲಿ ಕೇಳುತ್ತಾರಲ್ಲ, ನಿಜವಾದ ಉತ್ತರ ಗುರುವಾರದ ಆ ಧ್ವನಿ.

ಆ ಮಾತುಗಳೆಲ್ಲ ಅವರು ನಿಮಗೇ ಹೇಳಿದ್ದು. ನಿಮ್ಮ ಸಂಸಾರ ನಿಜ. ದಯವಿಟ್ಟು ಸಮಾಧಾನ ಮಾಡಿಕೊಳ್ಳಿ. ನನ್ನದು ತಪ್ಪಾಯಿತು.

ಕಾದಂಬರಿಕಾರ್ತಿ

ಮಾರ್ಚ್ ೬

ಕಾದಂಬರಿಕಾರ್ತಿಯವರೇ,

ಎಂಥ ಸುಳ್ಳುಬುರುಕಿ ನೀವು! ಔಷಧಿ ಅಂಗಡಿ ನಿಜ, ಗುರುವಾರ ನಿಜ (ಆ ದಿನ ನನಗೆ ಅರ್ಧ ದಿನವೇ ಶಾಲೆ), ಅಂಗಡಿಯವನ ಕೂಗು ನಿಜ. ಆದರೆ ನನಗೇ ಹೇಳಿದ್ದು ಎನ್ನುತ್ತೀರಲ್ಲ, ಅಲ್ಲಿ ಸಿಕ್ಕಿಬಿದ್ದಿರಿ. ರಿಸೀವರ್ ಹಿಡಿದು ನಿಂತಿದ್ದವಳು ನಾನು. ನನ್ನ ಕಿವಿಗೆ ಬಿದ್ದದ್ದು ಏನೆಂದು ನನಗೆ ಗೊತ್ತಿಲ್ಲವಾ?

ಹೇಳುತ್ತೇನೆ ಕೇಳಿ. "ನಲ್ಲಿ ಸೋರೋದು ನಿಲ್ತಾ?" "ಮಗೂಗೆ ಹಲ್ಲು ಬಂತಾ?" "ಅಮ್ಮನ ಮಂಡಿ ಹೇಗಿದೆ?" ನಾನು ಆ ಗದ್ದಲದಲ್ಲಿ "ಹಲೋ, ಜೋರಾಗಿ ಹೇಳೀ, ಕೇಳಿಸ್ತಿಲ್ಲ!" ಎಂದು ಮೈದಾನದಲ್ಲಿ ಕೂಗಿದಂತೆ ಕೂಗುತ್ತಿದ್ದೆ. ಕೆಮ್ಮಿನ ಔಷಧಿಗೆ ನಿಂತವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಲೈನ್ ಕಟ್. ಪ್ರತಿ ವಾರವೂ ಹಾಗೇ, ಮಾತಿನ ಮಧ್ಯೆ. ಎಕ್ಸ್‌ಚೇಂಜಿನವರಿಗೆ ಹಿಡಿಶಾಪ ಹಾಕಿಕೊಂಡು ಅಂಗಡಿಯ ಮೇಲಿದ್ದ ನಮ್ಮ ಮನೆಗೆ ಮೂರು ಮಹಡಿ ಹತ್ತುತ್ತಿದ್ದೆ. ಆ ಶಾಪ ನಿಮಗೇ ಎಂದು ಈಗ ಗೊತ್ತಾಯಿತು.

ಬೆರಳಿನ ವಿಷಯ ನನ್ನ ಹತ್ತಿರ ಅವರು ಫೋನಿನಲ್ಲಿ ಎತ್ತಿಲ್ಲ. ಮಗ್ಗಿಯ ವಿಷಯವೂ ಇಲ್ಲ. ಹಾಗಿದ್ದರೆ ಇನ್ನೊಂದು ನಂಬರ್ ಇತ್ತು. ಯಾವುದು? ಯಾರದು? ನಿಮಗೆ ಗೊತ್ತು. ನನ್ನ ಮೇಲೆ ಕನಿಕರ ಪಟ್ಟು ಮುಚ್ಚಿಡಬೇಡಿ. ಮೈದಾನದಲ್ಲಿ ಮಕ್ಕಳ ಮೂಳೆ ಮುರಿದದ್ದು ಕಂಡವಳು ನಾನು, ತಡೆದುಕೊಳ್ಳುತ್ತೇನೆ.

ಪಿ.ಟಿ. ಟೀಚರ್

ಮಾರ್ಚ್ ೧೯

ಟೀಚರ್,

ಇನ್ನೊಂದು ನಂಬರ್ ಇರಲಿಲ್ಲ. ಹನ್ನೊಂದು ವರ್ಷವೂ ಅದೇ ಔಷಧಿ ಅಂಗಡಿ. ನಾನು ಮುಚ್ಚಿಟ್ಟದ್ದು ಬೇರೆ. ಅದನ್ನು ಬರೆಯಲು ಹತ್ತು ದಿನ ಬೇಕಾಯಿತು.

ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಒಂದು ಗುರುವಾರ ಮೂರು ನಿಮಿಷ ಮುಗಿಯಿತು. ನಿಮ್ಮ ಕಡೆಯ ಪ್ಲಗ್ ಕಿತ್ತೆ. ಅಷ್ಟರಲ್ಲಿ ಮೇಲ್ವಿಚಾರಕಿ ಕರೆದರು. ಅವರ ಕಡೆಯದನ್ನು ಕೀಳುವುದು ಮರೆತು ಎದ್ದು ಹೋದೆ. ಬಂದು ಹೆಡ್‌ಫೋನ್ ಹಾಕಿಕೊಂಡರೆ ಅವರು ಇನ್ನೂ ಮಾತಾಡುತ್ತಿದ್ದಾರೆ! ಧ್ವನಿಯೇ ಬೇರೆ, ಮೆಲ್ಲಗೆ. "ಸುಮ್ನಾದೆ ಅಂದ್ರೆ ಕೇಳ್ತಿದ್ದೀಯ ಅಂತ. ನೀನು ಕೂಗ್ತಿದ್ರೆ ನಂಗೆ ಬಾಯೇ ಬರಲ್ಲ ಕಣೇ. ಇವತ್ತು ಹೊಸ ಬೂಟು ಆರನೇ ಬೆರಳು ಕಚ್ತು. ಅದನ್ನ ಎಣಿಸಿದೋಳು ನೀನೊಬ್ಳೇ, ಎಣಿಸಿ ನಗದೇ ಇದ್ದೋಳೂ ನೀನೊಬ್ಳೇ ಅಂತ ಜ್ಞಾಪಕ ಬಂತು."

ಲೈನ್ ಕಟ್ಟಾಗಿದೆ ಎಂದು ಆಗಲೇ ಹೇಳಬೇಕಿತ್ತು. ಹೇಳದೆ ಕೇಳುತ್ತಾ ಕೂತೆ. ಮೊದಲ ಸಲದ್ದು ಮರೆವು, ಟೀಚರ್. ಎರಡನೆಯ ಗುರುವಾರ ಮರೆವಲ್ಲ. ಆಮೇಲೆ ಪ್ರತಿ ವಾರ ಮೂರು ನಿಮಿಷಕ್ಕೆ ಸರಿಯಾಗಿ ನಿಮ್ಮ ಪ್ಲಗ್ ಕಿತ್ತು, ಅವರದನ್ನು ಹಾಗೇ ಬಿಡುತ್ತಿದ್ದೆ. ಎರಡು ನಿಮಿಷ, ಒಮ್ಮೊಮ್ಮೆ ನಾಲ್ಕು. ನೀವು ಅಲ್ಲಿದ್ದೀರಿ ಎಂದೇ ಅವರು ತಿಳಿದಿದ್ದರು. ಅವರಿಗೆ ಕೇಳಿಸುತ್ತಿದ್ದ ಉಸಿರು ನನ್ನದು.

ನನಗೆ ಯಾರೂ ಅಂಥ ಒಂದು ಮಾತು ಹೇಳಿದವರಲ್ಲ. ಅದು ಸಬೂಬು ಎಂದು ಗೊತ್ತು. ನಿಮ್ಮ ಕಡೆಯ ಪ್ಲಗ್ ಇನ್ನೆರಡು ನಿಮಿಷ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಈಗ ಯೋಚಿಸುತ್ತೇನೆ. ಆಗ ಯೋಚಿಸಲಿಲ್ಲ.

ನನ್ನ ಹೆಂಗಸರಿಗೆ ಬಾಯಿಗೆ ಬೀಗ ಏಕೆ ಎಂದಿರಿ. ವಿಮರ್ಶಕರು ಅದನ್ನು ನನ್ನ ಶೈಲಿ ಎನ್ನುತ್ತಾರೆ. ನಿಜ ಏನೆಂದರೆ, ಆ ಕಡೆಯಿಂದ ಉತ್ತರ ಬಂದದ್ದನ್ನು ನಾನು ಕೇಳಿಯೇ ಇಲ್ಲ.

ಕ

ಏಪ್ರಿಲ್ ೨೫

ಟೀಚರ್,

ನನ್ನ ಪತ್ರ ತಲುಪಿತೇ? ಬೈದಾದರೂ ಒಂದು ಸಾಲು ಬರೆಯಿರಿ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಬಾಗಿಲಿಗೆ ಓಡುತ್ತೇನೆ. ಕೊನೆಯ ಅಧ್ಯಾಯದಲ್ಲಿ ಒಂದು ಅಕ್ಷರ ಮುಂದೆ ಹೋಗಿಲ್ಲ.

ಕ

ಮೇ ೩೦

ಕಾದಂಬರಿಕಾರ್ತಿಯವರಿಗೆ,

ತಲುಪಿತು. ಓದಿದ ದಿನ ಗರ ಬಡಿದವಳಂತೆ ಕೂತುಬಿಟ್ಟೆ. ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆ ತಳ ಹತ್ತಿ ಹೊಗೆ ಬಂದರೂ ಏಳಲಿಲ್ಲ. ಸೊಸೆ ಓಡಿಬಂದು ಗ್ಯಾಸ್ ಆರಿಸಿದಳು. "ಏನಾಯ್ತು ಅತ್ತೆ, ಯಾರು ಹೋದ್ರು?" ಎಂದಳು. ಯಾರೂ ಹೋಗಿಲ್ಲ, ಹೋದವರು ಮಾತಾಡಿದರು ಎಂದು ಹೇಗೆ ಹೇಳಲಿ?

ಎರಡು ತಿಂಗಳು ನಿಮ್ಮನ್ನು ಬೈದುಕೊಂಡೇ ಓಡಾಡಿದೆ. ಇನ್ನೊಬ್ಬಳಿದ್ದಳು ಎಂದಿದ್ದರೆ ಅತ್ತು ಹಗುರಾಗುತ್ತಿದ್ದೆ. ಇದು ಅದಕ್ಕಿಂತ ಕಷ್ಟ. ನನ್ನ ಮನೆಗೆ ಬಂದ ಹನ್ನೊಂದು ವರ್ಷದ ಮಾತನ್ನು ಬಾಗಿಲಲ್ಲೇ ತಡೆದು, ನೀವು ಒಳಗೆ ಇಟ್ಟುಕೊಂಡಿರಿ. ಊರವರೆಲ್ಲ ದುಡ್ಡು ಕೊಟ್ಟು ಓದಿದರು, ನನ್ನ ಸೊಸೆಯೂ ಓದಿದಳು. ಕೊನೆಗೆ ಕೇಳಿದವಳು ನಾನು!

ಈಗ ನನ್ನ ನಿದ್ದೆ ಕೆಡಿಸಿರುವುದನ್ನು ಹೇಳುತ್ತೇನೆ. ಒಂದು ಸಲ ರಜೆಗೆ ಬಂದಿದ್ದರು. ಕಿಟಕಿಯ ಹತ್ತಿರ ಕೂತು ಕಾಲಿನ ಉಗುರು ತೆಗೆಯುತ್ತಾ, ತಲೆ ಎತ್ತದೆ ಕೇಳಿದರು:

"ಫೋನಲ್ಲಿ ಕೊನೇಲಿ ಹೇಳಿದ್ದು ಕೇಳಿಸ್ತಾ?"

ಕೊನೆಯಲ್ಲಿ ನನಗೆ ಕೇಳಿಸಿದ್ದು ನಲ್ಲಿಯ ವಿಷಯ. ನಾನು ಒಗೆದ ಬಟ್ಟೆ ಹಿಂಡುತ್ತಿದ್ದೆ. "ಎಲ್ಲಾ ಕೇಳಿಸ್ತು ರೀ, ನಾನೇನು ಕಿವುಡೀನಾ? ಅದೇನು ಮತ್ತೆ ಮತ್ತೆ ಹೇಳೋದು! ಸುಮ್ನಿರಿ" ಎಂದೆ. ಅವರು ನನ್ನ ಮುಖ ನೋಡಿದರು. ಎದ್ದು ಬಂದು ಬಕೆಟ್ ಎತ್ತಿಕೊಂಡು ಬಟ್ಟೆಯನ್ನೆಲ್ಲ ತಾವೇ ಒಣಹಾಕಿದರು. ಇವರಿಗೇನಾಯಿತಪ್ಪಾ ಎಂದುಕೊಂಡೆ, ಮರೆತೆ.

ಅಷ್ಟು ಮಾತು ಹೇಳಿದ ಮನುಷ್ಯನಿಗೆ ನಾನು ಕೊಟ್ಟ ಉತ್ತರ ಅದು! ನಾನು ತಿರಸ್ಕಾರ ಮಾಡಿದೆ ಎಂದುಕೊಂಡರೋ ಏನೋ. ವರ್ಗವಾಗಿ ಮನೆಗೆ ಬಂದವರು ಮೊದಲು ಮಾಡಿದ ಕೆಲಸ ಫೋನ್ ಹಾಕಿಸಿದ್ದು. ಕಪ್ಪು ಬಣ್ಣದ್ದು. ಬಂದಮೇಲೆ ಮತ್ತೆ ಅದೇ ಮೌನ. ಲೈನ್ ತೆಗೆಸಿದ ಮೇಲೂ ಅದನ್ನು ಸ್ಟೂಲಿನಿಂದ ಎತ್ತಲು ಬಿಡಲಿಲ್ಲ. ಯಾಕೆಂದು ನಾನು ಕೇಳಲೂ ಇಲ್ಲ.

ಇನ್ನೂ ಒಂದಿದೆ. ನಗದೆ ಇದ್ದವಳು ನೀನೊಬ್ಬಳೇ ಎಂದರಲ್ಲ. ನಕ್ಕಿದ್ದೆ ಕಣಮ್ಮಾ. ಮುಖ ಆ ಕಡೆ ತಿರುಗಿಸಿಕೊಂಡು, ದಿಂಬು ಕಚ್ಚಿಕೊಂಡು ನಕ್ಕಿದ್ದೆ.

ನೋಟ್‌ಬುಕ್ ಇದ್ದರೆ ಕಳಿಸಿ. ಅದು ನನ್ನದು.

ಪಿ.ಟಿ. ಟೀಚರ್

ಜೂನ್ ೮

ಟೀಚರ್,

ಏಳು ನೋಟ್‌ಬುಕ್‌ಗಳನ್ನು ಬಟ್ಟೆಯಲ್ಲಿ ಹೊಲಿದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಕಲು ಇಟ್ಟುಕೊಂಡಿಲ್ಲ. ಇದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಿಮ್ಮ ಪತ್ರ ಓದಿದ ತಕ್ಷಣ ನಾಲ್ಕನೆಯದನ್ನು ತೆಗೆದೆ. ರಜೆ ಮುಗಿಸಿ ಬಂದ ಮೇಲಿನ ಗುರುವಾರವೊಂದು ಇದೆ. ಹಾಳೆಯ ಮೂಲೆ ಮಡಚಿದ್ದೇನೆ. ಅದನ್ನು ನಾನು ಯಾವ ಕಾದಂಬರಿಯಲ್ಲೂ ಬಳಸಲಿಲ್ಲ. ಏನೆಂದು ಅರ್ಥವೇ ಆಗಿರಲಿಲ್ಲ. ಮೊನ್ನೆ ಅರ್ಥವಾಯಿತು. ಅಂಚೆಯಲ್ಲಿ ಕಟ್ಟು ತಡವಾದರೆ ನೀವು ಅಷ್ಟು ದಿನ ಬೇಯುವುದು ಬೇಡ ಎಂದು ಇಲ್ಲೇ ಬರೆಯುತ್ತೇನೆ. ಒಂದಕ್ಷರ ಸೇರಿಸಿಲ್ಲ.

"ಕೇಳಿಸ್ತಾ ಅಂತ ಕೇಳೋಕೆ ಮೂರು ವರ್ಷ ಧೈರ್ಯ ಬರ್ಲಿಲ್ಲ. ಎಲ್ಲಾ ಕೇಳಿಸ್ತು ಅಂದ್ಬಿಟ್ಟೆ ನೀನು. ಸುಮ್ನಿರಿ ಅಂದೆ ನೋಡು, ನಾಚ್ಕೊಂಡೆ ಅಂತ ಆಗ್ಲೇ ಗೊತ್ತಾಯ್ತು. ಅಂಗಡೀಲಿ ಜನ ಇರ್ತಾರೆ, ನೀನು ತಿರುಗಿ ಹೇಳೋಕಾಗಲ್ಲ, ಹೇಳ್ಬೇಡ. ಕೇಳಿಸ್ತು ಅಂದ್ಯಲ್ಲ, ನಂಗಷ್ಟೇ ಸಾಕು. ಇವತ್ತು ಮಗ್ಗಿ ಹೇಳ್ದೇನೇ ಏಣಿ ಹತ್ತಿದೆ ಕಣೇ."

ನೀವು ತಿರಸ್ಕರಿಸಿದಿರಿ ಎಂದು ಅವರು ತಿಳಿಯಲಿಲ್ಲ, ಟೀಚರ್.

ಈಗ ನನ್ನ ಹತ್ತಿರ ಏನೂ ಉಳಿದಿಲ್ಲ. ಇಪ್ಪತ್ತನಾಲ್ಕನೆಯದರ ಕೊನೆಯಲ್ಲಿ ಮುದಿ ಸೇನಾಪತಿ ಕೋಟೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೇಳುತ್ತಾನೆ, ನಾನು ಹೇಳಿದ್ದೆಲ್ಲ ಕೇಳಿಸಿತೇ ಎಂದು. ಅವಳು ಏನು ಹೇಳುತ್ತಾಳೆಂದು ನನಗೆ ತಿಳಿಯದು. ಬಾಯಿ ಬಿಟ್ಟು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಕ

ಜೂನ್ ೨೬, ಗುರುವಾರ

ಕಾದಂಬರಿಕಾರ್ತಿಯವರಿಗೆ,

ನಮಸ್ಕಾರ.

ಪತ್ರವೂ ಕಟ್ಟೂ ತಲುಪಿದವು. ಹೊಲಿಗೆ ಬಿಚ್ಚಲು ಸೊಸೆ ಕತ್ತರಿ ತಂದಳು. "ಏನತ್ತೆ ಇದು, ನಿಮ್ಮ ಶಾಲೆ ಹಾಜರಿ ಪುಸ್ತಕವಾ?" ಎಂದಳು. "ನಿಮ್ಮ ಮಾವ ಕಳಿಸಿದ್ದಾರೆ" ಎಂದೆ. ಕತ್ತರಿ ಕೆಳಗಿಟ್ಟಳು. ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಮಗನಿಗೆ ಅವಳೇ ಹೇಳಿದ್ದಾಳೆ. ಇಬ್ಬರೂ ಆ ದಿನ ಊಟವನ್ನೇ ಸರಿಯಾಗಿ ಮಾಡಲಿಲ್ಲ.

ದಿನಕ್ಕೊಂದೇ ಗುರುವಾರ ಓದುತ್ತೇನೆ. ಎಲ್ಲವನ್ನೂ ಒಟ್ಟಿಗೆ ಓದಿದರೆ ಮುಗಿದುಹೋಗುತ್ತದೆ. ನಿಮ್ಮ ಅಕ್ಷರ ಚೆನ್ನಾಗಿದೆ. ಕೆಲವು ಕಡೆ ಶಾಯಿ ಕದಡಿದೆ. ಅತ್ತಿದ್ದಿರಿ ಎಂದು ಕಾಣುತ್ತದೆ. ನನ್ನ ಗಂಡನ ಮಾತಿಗೆ ನೀವು ಅಳುವುದೇನು ಎಂದು ಮೊದಲು ಕೋಪ ಬಂತು. ಆಮೇಲೆ ಯೋಚಿಸಿದೆ. ನೀವು ಆ ಎರಡನೆಯ ಪ್ಲಗ್ಗನ್ನೂ ನಿಯಮದ ಪ್ರಕಾರ ಕಿತ್ತಿದ್ದರೆ, ಈ ಮಾತುಗಳು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಹಾಗೆಂದು ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ. ಒಂದು ದಿನ ಕ್ಷಮಿಸುತ್ತೇನೆ, ಮರುದಿನ ಹಾಲು ಕಾಯಿಸುವಾಗ ಮತ್ತೆ ಸಿಟ್ಟು ಬರುತ್ತದೆ.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿದ್ದೀರಿ. ಎಷ್ಟು ಧೈರ್ಯ ನಿಮಗೆ!

ಇವತ್ತು ಮೂರೂಕಾಲಿಗೆ ಸೊಸೆಯನ್ನು ಅಂಗಡಿಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಸ್ಟೂಲಿನ ಮೇಲಿನ ಕಪ್ಪು ಫೋನಿನ ಧೂಳು ಒರೆಸಿದೆ. ಲೈನ್ ತೆಗೆಸಿ ಒಂಬತ್ತು ವರ್ಷವಾಗಿದೆ, ವೈರು ಇಲಿ ಕಡಿದು ಹೋಗಿದೆ. ಹುಚ್ಚು ಮುದುಕಿ ಎಂದು ನನಗೇ ನಗು ಬಂತು. ಆದರೂ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡೆ. ಒಂದು ಸದ್ದಿಲ್ಲ. ಸುಮ್ಮನಿದ್ದಾರೆ ಎಂದರೆ ಕೇಳುತ್ತಿದ್ದಾರೆ ಎಂದುಕೊಂಡು, ಕೂಗದೆ, ಮೆಲ್ಲಗೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ದಿಂಬು ಕಚ್ಚಿಕೊಂಡು ನಕ್ಕದ್ದನ್ನೂ ಹೇಳಿದೆ. ಮೂರು ನಿಮಿಷ ಆಯಿತು ಎಂದು ಯಾರೂ ಕಟ್ ಮಾಡಲಿಲ್ಲ. ಗೋಡೆ ಗಡಿಯಾರ ನೋಡಿದರೆ ನಾಲ್ಕು ಗಂಟೆ ದಾಟಿತ್ತು.

ಮಿಕ್ಕಿದ್ದೇನು ಹೇಳಿದೆ ಎಂದು ಬರೆಯುವುದಿಲ್ಲ. ನಿಮ್ಮ ಸೇನಾಪತಿಯ ಹೆಂಡತಿ ಏನು ಹೇಳುತ್ತಾಳೋ ಅದನ್ನು ನೀವೇ ಯೋಚಿಸಿ ಬರೆಯಿರಿ. ಇವತ್ತು ನಮ್ಮಿಬ್ಬರ ಮಧ್ಯೆ ನೀವಿರಲಿಲ್ಲ.

ಇತಿ,
ಪಿ.ಟಿ. ಟೀಚರ್